ಕೀ ಉತ್ತರ

ಏಪ್ರಿಲ್‌ನ ಎರಡನೇ ಸೋಮವಾರ ಗೋಡೆಗಳಿಗೆ ಹೊದಿಸುತ್ತೇವೆ
ಕಂದು ಕಾಗದ, ಮಾಂಸ ಕಟ್ಟುವಂಥದ್ದು.
ಊರಾಚೆಯ ಕಾರ್ಖಾನೆಯವರು ಒಂದು ಸುರುಳಿ ಪುಕ್ಕಟೆ ಕೊಡುತ್ತಾರೆ,
ಈ ಮಕ್ಕಳ ಅಪ್ಪ ಅಮ್ಮಂದಿರು ಮೂರು ಪಾಳಿಯಲ್ಲಿ
ದನ ಸೀಳುತ್ತಾರಲ್ಲ, ಅದೇ ಕಾರ್ಖಾನೆ.
ಮಗ್ಗಿ ಮುಚ್ಚಬೇಕು. ನಕ್ಷೆ ಮುಚ್ಚಬೇಕು.
ನಾಮಪದ, ಕ್ರಿಯಾಪದ, ತಿಂಗಳ ಹೆಸರು.
ಹುಟ್ಟುಹಬ್ಬದ ಪಟ್ಟಿಯನ್ನೂ, ಎಂದರು ಮೇಲಿನವರು,
ಅದರಲ್ಲಿ ಅಂಕಿಗಳಿವೆಯಲ್ಲ.
ನಾನು ಕುರ್ಚಿ ಹತ್ತಿ ಟೇಪು ಹಚ್ಚಿದೆ,
ಹೊದನ್ ಕೆಳತುದಿ ಹಿಡಿದುಕೊಂಡು ಕೇಳಿದಳು:
"ಗೋಡೆಗೆ ಏನಾಯಿತು, ಮಿಸೆಸ್ ಕೊಸ್ಮಿಕಿ?"
ಏನಿಲ್ಲ, ಮೂರು ದಿನ ಅದು ಮಾತಾಡುವಂತಿಲ್ಲ, ಅಂದೆ.
ನಾನೂ.

ನೆಬ್ರಾಸ್ಕದ ಈ ಬಯಲಲ್ಲಿ ಗಾಳಿಗೆ ಅಡ್ಡ ಬರುವುದು ಏನೂ ಇಲ್ಲ.
ಪರೀಕ್ಷೆಯ ದಿನ ಪೂರ್ವದಿಂದ ಬೀಸಿತು,
ಬೆಂದ ರಕ್ತ, ಒದ್ದೆ ಚರ್ಮ.
ಮಕ್ಕಳು ತಲೆಯೆತ್ತಲಿಲ್ಲ.
ಮನೆಯ ವಾಸನೆಗೆ ಯಾರು ಮೂಗು ಮುಚ್ಚುತ್ತಾರೆ?

ಕೈಪಿಡಿಯ ದಪ್ಪಕ್ಷರ ಮಾತ್ರ ನಾನು ಓದಬಹುದು,
ಇದ್ದದ್ದು ಇದ್ದ ಹಾಗೆ.
ಯಾವ ಮಗು ಕೈಯೆತ್ತಿ ಏನು ಕೇಳಿದರೂ
ಇಪ್ಪತ್ತೆರಡು ವರ್ಷದಿಂದ ಬಾಯಿಗೆ ಬಂದ ಒಂದೇ ಸಾಲು:
"ಅದಕ್ಕೆ ನಾನು ಸಹಾಯ ಮಾಡುವಂತಿಲ್ಲ."

ಕೋಲ್ಟರ್ ವಾಂತಿ ಮಾಡಿಕೊಂಡ.
ಅದಕ್ಕೂ ನಿಯಮವಿದೆ, ಪುಟ ಏಳು.
ವಾಂತಿಯಾದ ಪುಸ್ತಿಕೆಯನ್ನು ಎಸೆಯುವಂತಿಲ್ಲ,
ಚೀಲದಲ್ಲಿ ಕಟ್ಟಿ, ಸಂಖ್ಯೆ ಬರೆದು, ಲೆಕ್ಕ ಒಪ್ಪಿಸಬೇಕು.
ಹುಡುಗನನ್ನು ಏನು ಮಾಡಬೇಕೆಂದು ಪುಟ ಏಳರಲ್ಲಿ ಇರಲಿಲ್ಲ.
ಬೆನ್ನು ನೀವಿದೆ. ಅದು ಸಹಾಯವೋ ಏನೋ.

ಓದುವ ಭಾಗದಲ್ಲೊಂದು ಕತೆ.
ಒಬ್ಬ ಹುಡುಗ, ಅವನ ತಾತ, ಸರೋವರದ ದಂಡೆಗೆ ಬೇಸಿಗೆ ಮನೆ.
ತಾತ ಮನೆಯ ಕೀಲಿಕೈ ಕೊಡುತ್ತಾನೆ.
ಹದಿನಾಲ್ಕನೇ ಪ್ರಶ್ನೆ: ಆಗ ಹುಡುಗನಿಗೆ ಏನನ್ನಿಸಿತು?
ಕೋಪ. ಹೆಮ್ಮೆ. ಭಯ. ಬೇಸರ.
(ಪ್ರಶ್ನೆ ಹೊರಗೆ ಹೇಳುವುದಿಲ್ಲವೆಂದು ಸಹಿ ಹಾಕಿದ್ದೇನೆ.
ಆದ್ದರಿಂದ ಅದು ಕೀಲಿಕೈ ಅಲ್ಲ, ತಾತನೂ ಅಲ್ಲ,
ಬೇರೇನೋ ಎಂದುಕೊಳ್ಳಿ.)

ವಿಲ್ಮರ್ ತ್ಸೋಕ್ ಆ ಸಾಲಿನ ಮೇಲೆ ಬೆರಳಿಟ್ಟು ಕೂತ.
ಪಕ್ಕದವರು ಪುಟ ತಿರುವಿದರು, ಮತ್ತೆ ತಿರುವಿದರು.
ಬೆರಳು ಅಲ್ಲೇ.
ಆಮೇಲೆ ಭಯದ ಮುಂದಿನ ಸೊನ್ನೆಯನ್ನು ತುಂಬಿದ,
ಗೆರೆ ದಾಟದ ಹಾಗೆ, ನಾಲಿಗೆ ಕಚ್ಚಿಕೊಂಡು,
ಅಷ್ಟು ಅಚ್ಚುಕಟ್ಟಾಗಿ ಅವನು ಬೇರೆ ಯಾವುದನ್ನೂ ತುಂಬಿರಲಿಲ್ಲ.

ಸಂಜೆ ಬಸ್ಸಿನ ಸಾಲಿನಲ್ಲಿ, ನಾನು ಕೇಳದೆಯೇ, ಹೇಳಿದ:
"ನಮ್ಮ ಮಾವ ನಂಗೆ ಕೀಲಿ ಕೊಟ್ಟ. ಮಾರನೇ ದಿನ ವ್ಯಾನು ಬಂತು.
ಕೀಲಿ ಕೊಡೋರು ಹೊರಟಿರ್ತಾರೆ, ಮಿಸ್."
ಕೊರಳ ದಾರ ಎಳೆದು ತೋರಿಸಿದ.
ಹಿತ್ತಾಳೆಯದು. ಮುಟ್ಟಿ ನೋಡಿದೆ,
ಅಂಗಿಯೊಳಗಿದ್ದು ಬೆಚ್ಚಗಾಗಿತ್ತು.

ಕೀ ಉತ್ತರ ನಮಗೆ ತೋರಿಸುವುದಿಲ್ಲ.
ತೋರಿಸಬೇಕಾಗಿಯೂ ಇಲ್ಲ. ಹೆಮ್ಮೆ.

ಗುರುವಾರ ಕಾಗದ ಕಿತ್ತೆವು, ಅಲ್ಲಲ್ಲಿ ಗೋಡೆಯ ಬಣ್ಣವೂ ಬಂತು.
ಏಳನೇ ಮಗ್ಗಿ ಕಂಡದ್ದೇ ತಡ
ಮಕ್ಕಳು ಊರಿಂದ ಬಂದ ನೆಂಟರನ್ನು ಕಂಡಂತೆ ಕೂಗಿದರು.
ಆ ಕಾಗದ ನನಗೆ ಕೊಡಿ ಎಂದಳು ಹೊದನ್.
ಅದರ ಹಿಂಬದಿಗೆ ಒಂದು ಒಂಟೆ ಬರೆದಳು, ಆಳೆತ್ತರ.
ಅವಳು ಒಂಟೆಯನ್ನು ನೋಡಿಯೇ ಇಲ್ಲವಂತೆ,
ಅಜ್ಜಿ ಫೋನಿನಲ್ಲಿ ಹೇಳಿದ್ದಷ್ಟೆ.

ಆಗಸ್ಟಿನಲ್ಲಿ ಅಂಕ ಬಂತು. ನೂರಕ್ಕೆ ಮೂವತ್ತೊಂದು ಮಕ್ಕಳು ದಾಟಿದ್ದರು.
ಪತ್ರಿಕೆಯ ಪಟ್ಟಿಯಲ್ಲಿ ನಾವು ಕೆಳಗಿನಿಂದ ನಾಲ್ಕನೆಯವರು.
ದಿನಸಿ ಅಂಗಡಿಯಲ್ಲಿ ಡಾರ್ಲಾ, ನನ್ನದೇ ಹಳೆಯ ವಿದ್ಯಾರ್ಥಿನಿ,
ಚಿಲ್ಲರೆ ಎಣಿಸುತ್ತಾ "ಪಾಪ" ಅಂದಳು,
ಯಾರಿಗೆ ಅಂತ ಹೇಳಲಿಲ್ಲ.
ಎರಡು ಸಲ ಎಣಿಸಿದಳು.

ವಿಲ್ಮರನ ಲಕೋಟೆ ಮರಳಿ ಬಂತು:
ಈ ವಿಳಾಸದಲ್ಲಿ ಯಾರೂ ಇಲ್ಲ.
ಕ್ಯಾನ್ಸಸ್ ಕಡೆ ಹೋದರು, ಅಂದರು ಯಾರೋ.
ತೆರೆದಿಲ್ಲ. ಮೇಜಿನ ಡ್ರಾಯರಿನಲ್ಲಿದೆ,
ಉಳಿದ ಟೇಪಿನ ಪಕ್ಕ.
ಏಪ್ರಿಲ್‌ಗೆ ಟೇಪು ಬೇಕಾಗುತ್ತದೆ.